ಹೂಳೆತ್ತಿದ ಕೆರೆಗೆ ಅಳಿವಿನಂಚಿನ ಮೀನು ಬಿಡಬಹುದೇ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಊರ ಕೆರೆ ಸುಮಾರು 60 ಎಕರೆ. ಬಹಳ ವರ್ಷ ಹೂಳು ತುಂಬಿ ಬಳ್ಳಾರಿ ಜಾಲಿ ಬೆಳೆದು ಬಯಲಾಗಿತ್ತು. ಊರವರೆಲ್ಲ ಸೇರಿ ಎರಡು ಬೇಸಿಗೆ ಹೂಳು ತೆಗೆದೆವು. ಕೆರೆ ತುಂಬಿಸುವ ಯೋಜನೆಯ ಪೈಪೂ ಬಂದಿದೆ. ಹೋದ ವರ್ಷ ಕೋಡಿ ಬಿದ್ದು ನೀರು ಹಿರೇಹಳ್ಳದ ಕಡೆಗೆ ಹರಿಯಿತು. ಹಿಂದೆ ಇಲ್ಲಿ ಕೊರಮೀನು, ಗಿರಲು, ಕೆಮ್ಮೀನು, ಹರಗಿ ಸಿಗುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ. ಈಗ ಬಲೆ ಎಸೆದರೆ ಬರೀ ಜಿಲೇಬಿ (ತಿಲಾಪಿಯಾ) ಮೀನು. ಅಳಿವಿನಂಚಿನಲ್ಲಿರುವ ಮಹಶೀರ್ ಮತ್ತು ಹರಗಿಯ ಒಂದು ಲಕ್ಷ ಮರಿ ಬಿಡಬೇಕೆಂದು ಯುವಕ ಸಂಘದಿಂದ ಹಣ ಕೂಡಿಸಿದ್ದೇವೆ. ಒಬ್ಬ ವ್ಯಾಪಾರಿ ‘ನಾಟಿ ಮರಿ’ ಕಡಿಮೆ ದರಕ್ಕೆ ಕೊಡುತ್ತೇನೆ, ಮೊದಲು ಬ್ಲೀಚಿಂಗ್ ಪುಡಿ ಹಾಕಿ ಜಿಲೇಬಿಯನ್ನು ಕೊಲ್ಲಿ ಎನ್ನುತ್ತಾನೆ. ಕೆರೆ ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು ಬಿಡದಿದ್ದರೆ ನಮಗೆ ನಷ್ಟ ಎನ್ನುತ್ತಾರೆ. ನಾವು ಬಿಟ್ಟ ಮರಿ ಉಳಿದು ಸಂತತಿ ಹಬ್ಬುತ್ತದೆಯೇ? ಬೇಸಿಗೆಯಲ್ಲಿ ಸತ್ತರೆ ಆ ಪಾಪ ನಮ್ಮ ತಲೆಗೆ ಬರುವುದಿಲ್ಲವೇ?

ಉತ್ತರ: ಕೂಡಿಸಿದ ಹಣವೂ ಊರಿನ ಹುರುಪೂ ನೀರುಪಾಲಾಗಬಾರದು, ಕೆರೆಗೆ ಹಳೆಯ ಮೀನು ಮರಳಬೇಕು. ನಿಮ್ಮ ಪತ್ರದ ಒಟ್ಟು ಅಳುಕು ಇದು ಎಂದುಕೊಂಡಿದ್ದೇನೆ. ಸುತ್ತಿ ಬಳಸದೆ ಹೇಳುತ್ತೇನೆ. ಮಹಶೀರ್ ಬೇಡ. ಹರಗಿ ಬಿಡಬಹುದು, ಆದರೆ ಲಕ್ಷದ ಲೆಕ್ಕದಲ್ಲಲ್ಲ, ಈ ಮಳೆಗಾಲದಲ್ಲೂ ಅಲ್ಲ. ಕೊರಮೀನು, ಗಿರಲು ತಾವಾಗಿಯೇ ಮರಳುವ ಸಾಧ್ಯತೆ ಚೆನ್ನಾಗಿದೆ. ಅವಕ್ಕೆ ಬೇಕಾದದ್ದು ಮರಿಯ ಚೀಲವಲ್ಲ, ಮೇ ತಿಂಗಳಲ್ಲೂ ಉಳಿಯುವ ನೀರು. ಬ್ಲೀಚಿಂಗ್ ಪುಡಿಯ ಮಾತನ್ನು ಇಲ್ಲಿಗೇ ಬಿಡಿ.

ಹಿರಿಯರು ಹೆಸರಿಸಿದ ನಾಲ್ಕು ಮೀನುಗಳು ಒಂದೇ ಜಾತಿಯ ಬದುಕು ಬದುಕುವವಲ್ಲ. ಕೊರಮೀನು, ಗಿರಲು, ಚೇಳುಮೀನು, ಸಣ್ಣ ಪಕ್ಕೆ ಮೀನುಗಳು ಕೆರೆಯಲ್ಲೇ ಹುಟ್ಟಿ, ಬೆಳೆದು, ಅಲ್ಲೇ ಮೊಟ್ಟೆಯಿಡುವವು. ನಿಂತ ನೀರು, ಅಂಚಿನ ಜೊಂಡು, ಸ್ವಲ್ಪ ಕೆಸರು ಇದ್ದರೆ ಅವುಗಳ ಸಂಸಾರ ನಡೆಯುತ್ತದೆ. ಹರಗಿ ಮತ್ತು ಕೆಮ್ಮೀನು ಹೊಳೆಯ ಮೀನುಗಳು. ಕೆರೆಯಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆಯನ್ನೂ ಕಟ್ಟುತ್ತವೆ. ಮೊಟ್ಟೆಯಿಡಲು ಮಾತ್ರ ಮುಂಗಾರಿನ ಹೊಸ ನೀರಿನ ಸೆಳವು ಬೇಕು. ಅದು ಸಿಗದಿದ್ದರೆ ಕಟ್ಟಿದ ಮೊಟ್ಟೆ ಒಳಗೇ ಕರಗಿಹೋಗುತ್ತದೆ. ಕಾಟ್ಲಾ, ರೋಹುಗಳದ್ದೂ ಇದೇ ಸ್ವಭಾವ. ಗುತ್ತಿಗೆದಾರರು ಪ್ರತಿ ವರ್ಷ ಹೊಸದಾಗಿ ಮರಿ ತಂದು ಬಿಡುವುದು ಅದಕ್ಕೇ. ಹೀರಾಲಾಲ್ ಚೌಧರಿ ಮತ್ತು ಅಲಿಕುನ್ಹಿ ಎಂಬ ಮೀನು ವಿಜ್ಞಾನಿಗಳು 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಈ ಮರಿ ಉದ್ಯಮ ಹುಟ್ಟಿದ್ದು. ಅದಕ್ಕೂ ಮೊದಲು ನೆರೆ ಬಂದಾಗ ಹೊಳೆಯಲ್ಲಿ ತೇಲಿಬರುವ ಮೊಟ್ಟೆ, ಮರಿಗಳನ್ನು ಬಟ್ಟೆಯ ಬಲೆಯಲ್ಲಿ ಸೋಸಿ ಹಿಡಿದು ತರಬೇಕಿತ್ತು.

ಹಾಗಾದರೆ ನಿಮ್ಮ ಅಜ್ಜಂದಿರ ಕಾಲದಲ್ಲಿ ಕೆರೆಗೆ ಹರಗಿ ಬಂದದ್ದು ಎಲ್ಲಿಂದ? ಹಳ್ಳದಿಂದ. ಕೋಡಿ ಬಿದ್ದು ಕೆರೆ, ಹಳ್ಳ, ಹೊಳೆ ಮೂರೂ ಕೆಲವು ದಿನ ಒಂದೇ ನೀರಾದಾಗ ಎಳೆಯ ಮೀನುಗಳು ಸೆಳವಿಗೆ ಎದುರಾಗಿ ಈಜಿ ಮೇಲೆ ಬರುತ್ತಿದ್ದವು. ಮಳೆ ನಿಂತ ಮೇಲೆ ಕೆರೆಯಲ್ಲೇ ಸಿಕ್ಕಿಕೊಂಡು ಬೆಳೆಯುತ್ತಿದ್ದವು. ಅವು ಕೆರೆಯ ಬೆಳೆಯಲ್ಲ, ಹೊಳೆ ಕಳಿಸಿದ ಪಾಲು. ಆ ದಾರಿ ಈಗ ಅಲ್ಲಲ್ಲಿ ಕಡಿದಿದೆ. ಕಿನ್ನಾಳದ ಬಳಿ ಹಿರೇಹಳ್ಳಕ್ಕೇ ಅಣೆಕಟ್ಟು ಬಂದಿದೆ, ಅದರ ಮೇಲೂ ಕೆಳಗೂ ಚೆಕ್‌ಡ್ಯಾಂಗಳಿವೆ. ಹೊಳೆಯಲ್ಲೇ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಕೆಳಗಿನ ಮೀನು ಮಲೆನಾಡಿನ ಕಡೆಗೆ ಹತ್ತುವುದು ಅಂದಿಗೇ ನಿಂತಿತು. ಸಮುದ್ರದಲ್ಲಿ ಮೊಟ್ಟೆಯಿಟ್ಟು, ಮರಿಯಾಗಿ ಕೃಷ್ಣೆಯನ್ನು ಹತ್ತಿ ಬರುವ ಅಂಗ್ವಿಲ್ಲಾ ಜಾತಿಯ ಹಾವುಮೀನಿಗಂತೂ ದಾರಿಯಲ್ಲಿ ಒಂದಲ್ಲ, ಹಲವು ಗೋಡೆಗಳು. ಅಂಥ ಮೀನನ್ನು ಯಾವ ಕೆರೆಗೆ ಬಿಟ್ಟರೂ ಅದರ ವಂಶ ಬೆಳೆಯುವುದಿಲ್ಲ.

ಅಣೆಕಟ್ಟೊಂದರ ಮೇಲೆಯೇ ಎಲ್ಲ ಹೊರೆ ಹೊರಿಸುವುದೂ ಸರಿಯಲ್ಲ. ಮರಳು ತೆಗೆದಲ್ಲಿ ಮೊಟ್ಟೆಯಿಡುವ ತಾವು ಹೋಯಿತು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳ ಗೊಬ್ಬರ, ಔಷಧಿ ಬಸಿದು ಹಳ್ಳ ಸೇರುತ್ತದೆ. ಸೊಳ್ಳೆ ಪರದೆಯಂಥ ಬಲೆಯಲ್ಲಿ ಮರಿಯನ್ನೂ ಬಿಡದೆ ಬಳಿಯುವವರಿದ್ದಾರೆ. ಸಿಡಿಮದ್ದು ಎಸೆಯುವವರೂ ಇದ್ದಾರೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕಾ ಕಾಯ್ದೆಯ ಕಾಲದಿಂದಲೂ ಅಪರಾಧ. ಕಾಯ್ದೆ ಹಳೆಯದು, ಚಾಳಿ ಅದಕ್ಕಿಂತ ಹಳೆಯದು!

ಮಹಶೀರ್ ಯಾಕೆ ಬೇಡ

ಮಹಶೀರ್ ಮೇಲೆ ನಿಮ್ಮ ಹುಡುಗರಿಗೆ ಮನಸ್ಸಾದದ್ದು ಸಹಜ. ದೊಡ್ಡ ಹುರುಪೆ, ಬಂಗಾರದ ಹೊಳಪು, ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಮಂಡಕ್ಕಿಗೆ ಮುಗಿಬೀಳುವ ಮೀನಿನ ದಂಡು, ಇವನ್ನೆಲ್ಲ ನೋಡಿದವರು ನಮ್ಮೂರಲ್ಲೂ ಇದ್ದರೆ ಎಷ್ಟು ಚೆಂದ ಎಂದುಕೊಳ್ಳುತ್ತಾರೆ. ನಮ್ಮ ಕೃಷ್ಣಾ ಕಣಿವೆಯ ಮಹಶೀರ್ ಎಂದರೆ ಟೋರ್ ಖುದ್ರೀ. ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಪುಣೆಯ ಬಳಿಯ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿ 1839ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಒಂದು ಕಾಲಕ್ಕೆ, ಅಳಿವಿನ ಭೀತಿಯಲ್ಲಿರುವ ಜೀವಿಗಳನ್ನು ವರ್ಗ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ವರ್ಗದಲ್ಲಿತ್ತು. ನಂತರದ ಮರುಪರಿಶೀಲನೆಯಲ್ಲಿ ಆ ವರ್ಗದಿಂದ ಹೊರಬಂದಿದೆ. ಆದರೂ ‘ಅಳಿವಿನಂಚಿನ ಮಹಶೀರ್’ ಎಂದು ಮಾರುವ ಮರಿ ಬಹುಮಟ್ಟಿಗೆ ಈ ಖುದ್ರೀಯೇ.

ನಿಜವಾಗಿಯೂ ತೀವ್ರ ಅಳಿವಿನಂಚಿನಲ್ಲಿರುವುದು ಕಾವೇರಿ ಕಣಿವೆಯ ಗೂನುಬೆನ್ನಿನ ಮಹಶೀರ್, ಟೋರ್ ರೆಮಾದೇವಿ. ಅದು ನಮ್ಮ ಹೊಳೆಯ ಮೀನೇ ಅಲ್ಲ. ಆದರೆ ಅದರ ಕತೆ ಮೀನು ಬಿಡಲು ಹೊರಟ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಲೋನಾವಳದಲ್ಲಿ ಸಾಕಿ ಮರಿ ಮಾಡಿದ ಖುದ್ರೀಯನ್ನು ಸಂರಕ್ಷಣೆಯ ಹೆಸರಿನಲ್ಲೇ ಕಾವೇರಿಗೆ ಬಿಡಲಾಯಿತು. ಬಿಟ್ಟವರ ಉದ್ದೇಶದಲ್ಲಿ ಕೊಂಕಿರಲಿಲ್ಲ. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದಾಗ, ಬಿಟ್ಟ ಮೀನು ಏರುತ್ತಾ ಹೋಗಿತ್ತು, ಮೂಲದ ಗೂನುಬೆನ್ನಿನ ಮೀನು ಬರುಬರುತ್ತಾ ಕಾಣೆಯಾಗಿತ್ತು. ಇನ್ನೂ ಒಂದು ವಿಪರ್ಯಾಸವಿದೆ. ಲೋಕವೆಲ್ಲ ಮೆಚ್ಚಿದ ಆ ದೈತ್ಯ ಮೀನು ಯಾವ ಪ್ರಭೇದ ಎಂಬುದು ವಿಜ್ಞಾನಿಗಳಿಗೆ ಖಚಿತವಾದದ್ದೇ 2018ರಲ್ಲಿ. ಅಷ್ಟರಲ್ಲಿ ಇನ್ನೊಂದು ಮಹಶೀರ್ ಅದರ ಮನೆ ಹೊಕ್ಕಾಗಿತ್ತು.

ನಿಮ್ಮ ಕೆರೆಯ ಮಟ್ಟಿಗೆ ತೊಡಕು ಇನ್ನೂ ಸರಳ. ಖುದ್ರೀಗೆ ಬೇಕಾದದ್ದು ತಂಪಾದ, ತಿಳಿಯಾದ, ಆಮ್ಲಜನಕ ತುಂಬಿದ ನೀರು, ಮೊಟ್ಟೆಗೆ ಸಣ್ಣ ಕಲ್ಲುಹಾಸು. ನೀರು 30 ಡಿಗ್ರಿ ತಲುಪಿದರೆ ಅದು ಹಿಡಿದಿಡಬಲ್ಲ ಆಮ್ಲಜನಕವೇ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು. ರಾತ್ರಿಯಿಡೀ ಪಾಚಿ, ಮೀನು, ಕೆಸರಿನ ಸೂಕ್ಷ್ಮಜೀವಿಗಳೆಲ್ಲ ಅದನ್ನೇ ಉಸಿರಾಡಿ, ನಸುಕಿಗೆ ಅದು ಅರ್ಧಕ್ಕೂ ಕೆಳಗೆ ಬರುವುದು ನಮ್ಮ ಕಡೆಯ ಬೇಸಿಗೆ ಕೆರೆಗಳಲ್ಲಿ ಮಾಮೂಲು. ಏಪ್ರಿಲ್ ಮುಗಿಯುವುದರೊಳಗೆ ಮಹಶೀರ್ ಮರಿಗಳು ದಡಕ್ಕೆ ಬರುತ್ತವೆ. ಫೋಟೋ ತೆಗೆದು ಹಂಚಿಕೊಂಡವರೇ ಹೊತ್ತು ಹಾಕಬೇಕಾಗುತ್ತದೆ.

ಮೇ ತಿಂಗಳ ನೀರು

ಮರಿ ಬಿಡುವ ಯೋಜನೆಗಳು ಸೋತದ್ದನ್ನು ಕೆಲಸದ ಮೇಲೆ ಹೋಗಿ ನೋಡಿದಲ್ಲೆಲ್ಲ ನಾನು ಮೊದಲು ಕೇಳುವುದು ‘ಎಷ್ಟು ಮರಿ ಬಿಟ್ಟಿರಿ’ ಎಂದಲ್ಲ, ‘ಮೇ ಕೊನೆಗೆ ಎಷ್ಟು ನೀರಿತ್ತು’ ಎಂದು. ಕೊಪ್ಪಳಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಬಿಸಿಲು, ಗಾಳಿ ಸೇರಿ ಕೆರೆಯ ಮೇಲಿಂದ ಹೀರುವುದು ಒಂದೂವರೆ ಮೀಟರಿಗೂ ಹೆಚ್ಚು. ಅಂದರೆ ಡಿಸೆಂಬರಿನಲ್ಲಿ ಆಳೆತ್ತರ ನಿಂತ ನೀರು, ಯಾರೂ ಒಂದು ಕೊಡ ತೆಗೆಯದಿದ್ದರೂ, ಬೇಸಿಗೆ ಕೊನೆಗೆ ಮೊಣಕಾಲಿಗೆ ಬರುತ್ತದೆ. ಅದರ ಮೇಲೆ ತೂಬು ಎತ್ತಿದರೆ, ಕದ್ದು ಪಂಪ್ ಇಟ್ಟರೆ, ಉಳಿಯುವುದು ಕೆಸರು.

ಹೂಳೆತ್ತುವಾಗ ನಮ್ಮವರು ಮಾಡುವ ಒಂದು ಕೆಲಸ ಮೀನಿಗೆ ಮುಳುವಾಗುತ್ತದೆ. ಜೆಸಿಬಿ ಇಳಿಸಿ ಕೆರೆಯಂಗಳವನ್ನು ಕ್ರಿಕೆಟ್ ಆಡುವಷ್ಟು ಸಮತಟ್ಟು ಮಾಡಿಬಿಡುತ್ತಾರೆ. ಹಳೆಯ ಕೆರೆಗಳಲ್ಲಿ ಏರುಪೇರಿತ್ತು, ನಡುವೆ ಎಲ್ಲೋ ಒಂದು ಮಡು ಇರುತ್ತಿತ್ತು. ಇಡೀ ಕೆರೆ ಬತ್ತಿದರೂ ಆ ಮಡುವಿನಲ್ಲಿ ಉಳಿದ ನಾಲ್ಕು ಜೋಡಿ ಕೊರಮೀನು, ಒಂದಷ್ಟು ಗಿರಲು ಮುಂದಿನ ಮಳೆಗೆ ಕೆರೆಯನ್ನು ಮತ್ತೆ ತುಂಬುತ್ತಿದ್ದವು. ಕೊರಮೀನು ಗಾಳಿಯನ್ನೂ ಉಸಿರಾಡಬಲ್ಲದು, ಒದ್ದೆ ಕೆಸರಿನಲ್ಲಿ ಹುದುಗಿಕೊಂಡು ಬೇಸಿಗೆ ಕಳೆಯಬಲ್ಲದು. ಬರದ ನಾಡಿಗೆ ಹೇಳಿ ಮಾಡಿಸಿದ ಮೀನು. ಅಂಥದ್ದೂ ನಿಮ್ಮ ಕೆರೆಯಿಂದ ಹೋಯಿತೆಂದರೆ ಬರವೊಂದೇ ಕಾರಣವಿರಲಾರದು. ಕೊನೆಯ ಗುಂಡಿಯ ನೀರನ್ನೂ ಮೋಟಾರು ಇಟ್ಟು ಹೊರಹಾಕಿ, ಕೆಸರು ತುಳಿದು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡ ಒಂದೆರಡು ಬೇಸಿಗೆ ಸಾಕು. ಹಿರಿಯರನ್ನು ಕೇಳಿ ನೋಡಿ, ಅಂಥ ಬೇಸಿಗೆಯ ನೆನಪು ಅವರಿಗೆ ಖಂಡಿತ ಇರುತ್ತದೆ.

ಆದ್ದರಿಂದ ನಿಮ್ಮ ಹಣದ ದೊಡ್ಡ ಪಾಲನ್ನು ಮಡುವಿಗೆ ಹಾಕಿ. ಏರಿಯ ಬುಡದಿಂದ ದೂರದಲ್ಲಿ (ಏರಿಗೆ ಅಪಾಯ ಬರಬಾರದು, ಸಣ್ಣ ನೀರಾವರಿ ಎಂಜಿನಿಯರರಿಗೆ ತೋರಿಸಿಯೇ ಅಗೆಯಿರಿ) ಒಂದು ಎಕರೆಯಷ್ಟು ಜಾಗವನ್ನು ಸುತ್ತಲಿನ ತಳಕ್ಕಿಂತ ಎರಡು ಮೂರು ಮೀಟರ್ ಆಳ ಮಾಡಿ. ನಮ್ಮ ಕಡೆ ಗರಸು ಸಿಕ್ಕಿದರೆ ನೀರು ಇಂಗಿಹೋಗುತ್ತದೆ, ಎರೆಮಣ್ಣಿನ ಪದರ ಮುಗಿಯುವ ಮೊದಲೇ ನಿಲ್ಲಿಸಿ. ಕಡಿದು ಹಾಕಿದ ಬಳ್ಳಾರಿ ಜಾಲಿಯ ಕಂಪೆಯನ್ನು ಸುಡದೆ ಅದೇ ಮಡುವಿನಲ್ಲಿ ಕಲ್ಲು ಕಟ್ಟಿ ಮುಳುಗಿಸಿ. ಮೀನಿಗೆ ನೆರಳು, ಮರಿಗೆ ಅಡಗುತಾಣ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಬಲೆ ಎಳೆದರೆ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಪಂಚಾಯಿತಿಯ ಯಾವ ಬೋರ್ಡಿಗಿಂತಲೂ ಇದು ಗಟ್ಟಿ ಕಾವಲು.

ಇದಾದ ಮೇಲೆ ಒಂದು ಮಳೆಗಾಲ ಸುಮ್ಮನೆ ಕಾಯಿರಿ. ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ. ನಿಮ್ಮೂರ ಅಥವಾ ಪಕ್ಕದೂರ ಅಂಬಿಗರು ಒಬ್ಬಿಬ್ಬರನ್ನು ಕರೆಸಿ, ಮಳೆಗಾಲದ ಕೊನೆಗೆ, ಚಳಿಗಾಲದಲ್ಲಿ, ಬೇಸಿಗೆ ನಡುವೆ ಬಲೆ ಹಾಕಿಸಿ. ಬಂದ ಪ್ರತಿಯೊಂದು ಜಾತಿಯ ಫೋಟೋ ತೆಗೆದು, ಎಣಿಸಿ, ಮೀನನ್ನು ವಾಪಸು ಬಿಡಿ. ‘ಬರೀ ಜಿಲೇಬಿ’ ಎನ್ನುವ ಕೆರೆಗಳಲ್ಲಿ ರಾತ್ರಿ ಬಲೆಗೆ ಗಿರಲು, ಚೇಳುಮೀನು ಸಿಕ್ಕಿದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಇದ್ದ ಮೀನನ್ನೇ ಮತ್ತೆ ದುಡ್ಡು ಕೊಟ್ಟು ತರುವುದು ಯಾಕೆ?

ಕೊರಮೀನು ಇಲ್ಲವೇ ಇಲ್ಲ ಎಂದು ಖಚಿತವಾದರೆ, ಅದೇ ಹಳ್ಳದ ಸಾಲಿನ ಇನ್ನೊಂದು ಕೆರೆಯಿಂದ ಬಲಿತ ಹತ್ತಿಪ್ಪತ್ತು ಜೋಡಿ ತಂದು ಮುಂಗಾರಿಗೆ ಮುಂಚೆ ಬಿಡಿ. ಚಳಿಗಾಲದಲ್ಲಿ ತರಬೇಡಿ. ಮೈಮೇಲೆ ಕೆಂಪು ಹುಣ್ಣಾಗುವ ಇಯುಎಸ್ ಎಂಬ ರೋಗ 1988ರಲ್ಲಿ ಭಾರತಕ್ಕೆ ಕಾಲಿಟ್ಟಿತು. ನೀರು ತಣ್ಣಗಿರುವ ತಿಂಗಳುಗಳಲ್ಲಿ ಕೊರಮೀನಿಗೇ ಹೆಚ್ಚು ಅಂಟುತ್ತದೆ. ಬಿಟ್ಟ ಮೇಲೆ ಮಳೆಗಾಲದಲ್ಲಿ ಕೆಂಪಗಿನ ಮರಿಗಳ ಗುಂಪು ನೀರ ಮೇಲೆ ಬುಳುಬುಳು ಎನ್ನುವುದು ಕಂಡರೆ, ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ ಎಂದರ್ಥ. ಆ ಗುಂಪಿನ ಮೇಲೆ ಗಾಳ ಕುಣಿಸಿ, ರೇಗಿ ಮೇಲೆ ಬರುವ ತಾಯಿ ತಂದೆಯನ್ನು ಹಿಡಿಯುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ತಡೆದರೆ ನಿಮ್ಮ ಅರ್ಧ ಕೆಲಸ ಆದಂತೆ.

ಹರಗಿಯ ವಿಷಯ

ಹರಗಿಯನ್ನು ವಿಜ್ಞಾನಿಗಳು ಹಿಪ್ಸೆಲೊಬಾರ್ಬಸ್ ಪಲ್ಚೆಲ್ಲಸ್ ಎನ್ನುತ್ತಾರೆ. ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ವರ್ಗದಲ್ಲಿರುವ ಮೀನು, ತುಂಗಭದ್ರೆಯಲ್ಲಿ ಹಿಂದೆ ಧಾರಾಳವಾಗಿತ್ತು. ನೀರಿನ ಕಳೆ, ಹುಲ್ಲು ತಿಂದು ಬದುಕುತ್ತದೆ. ಕಳೆ ತಿನ್ನಲೆಂದು ನಾವು ಚೀನಾ ಮೂಲದ ಹುಲ್ಲುಗೆಂಡೆಯನ್ನು ತರಿಸಿಕೊಂಡೆವು, ಅದೇ ಕೆಲಸ ಮಾಡುವ ನಮ್ಮದೇ ಮೀನು ಮಾತ್ರ ಕಣ್ಮರೆಯಾಗುತ್ತಾ ಬಂತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಮೀನು ಸಾಕಣೆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹರಗಿಗೂ ಕೆಮ್ಮೀನಿಗೂ ಚುಚ್ಚುಮದ್ದಿನಿಂದ ಮರಿ ಮಾಡಿಸುವ ವಿಧಾನವನ್ನು ರೂಢಿಸಿದೆ. ಹೀಗಾಗಿ ಮರಿ ಸಿಗುವುದು ಅಸಾಧ್ಯವಲ್ಲ.

ಮರಿ ಕೇಳುವಾಗ ಎರಡು ವಿಚಾರ ಬಾಯಿಬಿಟ್ಟು ಕೇಳಿ. ಒಂದು, ತಾಯಿಮೀನು ಯಾವ ಹೊಳೆಯದು? 1870ರಲ್ಲಿ ಡೇ ಎಂಬವರು ಪಲ್ಚೆಲ್ಲಸ್ ಎಂದು ಹೆಸರಿಟ್ಟದ್ದು ದಕ್ಷಿಣ ಕನ್ನಡದ ಮೀನಿಗೆ. ಘಟ್ಟದ ಈಚೆಯ ನಮ್ಮ ಹರಗಿಯೂ ಅದೂ ಒಂದೇನಾ ಎಂಬ ತಕರಾರು ವರ್ಗೀಕರಣ ತಜ್ಞರಲ್ಲಿ ಇದ್ದೇ ಇದೆ. ಆದ್ದರಿಂದ ತುಂಗಭದ್ರಾ ಮೂಲದ ಮರಿಯಾದರೆ ಮಾತ್ರ ತನ್ನಿ. ಕಾವೇರಿಯಲ್ಲಿ ಆದದ್ದು ಹಿರೇಹಳ್ಳದಲ್ಲಿ ಮರುಕಳಿಸಬಾರದು. ಎರಡು, ಎಷ್ಟು ತಾಯಿಮೀನುಗಳಿಂದ ಮಾಡಿದ ಮರಿ? ಒಂದು ಹೆಣ್ಣು ಒಮ್ಮೆಗೆ ಸಾವಿರಗಟ್ಟಲೆ ಮೊಟ್ಟೆ ಕೊಡುತ್ತದೆ. ನಿಮ್ಮ ಒಂದು ಲಕ್ಷ ಮರಿಯೂ ನಾಲ್ಕೈದು ತಾಯಂದಿರ ಮಕ್ಕಳೇ ಆಗಿರಬಹುದು. ಒಂದೇ ಮನೆಯ ಅಣ್ಣ ತಂಗಿಯರಿಂದ ಊರು ಕಟ್ಟಿದ ಹಾಗೆ ಅದು, ಎಣಿಕೆ ದೊಡ್ಡದು, ರಕ್ತ ಒಂದೇ. ಕೋಡಿ ಬಿದ್ದು ಅವು ಹೊಳೆ ಸೇರಿದರೆ, ಅಲ್ಲಿ ಅಳಿದುಳಿದ ಕಾಡು ಹರಗಿಯ ತಳಿಯನ್ನೂ ಬಡವಾಗಿಸುತ್ತವೆ. ಕನಿಷ್ಠ 50 ತಾಯಿ ತಂದೆಗಳಾದರೂ ಇರಬೇಕು ಎಂಬುದು ತಳಿ ಕಾಯುವವರ ಒರಟು ಲೆಕ್ಕ.

ಒಂದು ಲಕ್ಷ ಎಂಬ ಅಂಕಿ ಎಲ್ಲಿಂದ ಬಂತು ಎಂಬುದು ಗೊತ್ತಾಗುತ್ತದೆ. 60 ಎಕರೆ ಎಂದರೆ 24 ಹೆಕ್ಟೇರ್, ಹೆಕ್ಟೇರಿಗೆ ನಾಲ್ಕು ಸಾವಿರ ಎಂದು ಗುಣಿಸಿದ್ದೀರಿ. ಅದು ಹಿಡಿದು ಮಾರುವ ಮೀನಿನ ಲೆಕ್ಕ. ನಿಮಗೆ ಐದಾರು ಸಾವಿರ ಮರಿ ಸಾಕು, ಆದರೆ ಅಂಗೈಯುದ್ದ ಬೆಳೆದಿರಬೇಕು. ರೆಪ್ಪೆಗೂದಲಿನಂಥ ಮೊಟ್ಟೆಮರಿ ಲಕ್ಷ ಸುರಿದರೂ ಅದು ಜಿಲೇಬಿಯ ಬೆಳಗಿನ ತಿಂಡಿ. ಆಗಸ್ಟ್, ಸೆಪ್ಟೆಂಬರಿನಲ್ಲಿ, ಬೆಳಗ್ಗೆ ತಂಪಿನ ಹೊತ್ತಿನಲ್ಲಿ ಬಿಡಿ. ಚೀಲವನ್ನು ಅರ್ಧ ಗಂಟೆ ಕೆರೆ ನೀರಿನಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪ ಕೆರೆ ನೀರು ಸೇರಿಸಿ, ಮರಿ ತಾನಾಗಿ ಈಜಿ ಹೊರಹೋಗುವಂತೆ ಚೀಲ ಓರೆ ಮಾಡಿ. ಮುಖಂಡರು ಬರಲಿ ಎಂದು ಮಧ್ಯಾಹ್ನದವರೆಗೆ ಚೀಲಗಳನ್ನು ಶಾಮಿಯಾನದಡಿ ಇಟ್ಟು, ಭಾಷಣ ಮುಗಿದ ಮೇಲೆ ಎತ್ತರದಿಂದ ಸುರಿಯುವ ಕಾರ್ಯಕ್ರಮಗಳಲ್ಲಿ ಬಹುಪಾಲು ಮರಿ ಅಂದೇ ತೀರಿಕೊಳ್ಳುತ್ತವೆ, ಪತ್ರಿಕೆಯಲ್ಲಿ ಫೋಟೋ ಮಾತ್ರ ಬರುತ್ತದೆ. ಬಿಡುವ ಮೊದಲು ಪ್ರತಿ ಮರಿಯ ಒಂದು ಹೊಟ್ಟೆರೆಕ್ಕೆಯ ತುದಿ ಚೂರು ಕತ್ತರಿಸಿದರೆ ಮುಂದಿನ ವರ್ಷ ಬಲೆಗೆ ಬಿದ್ದದ್ದು ನೀವು ಬಿಟ್ಟದ್ದೋ ಅಲ್ಲವೋ ತಿಳಿಯುತ್ತದೆ. ಮೀನುಗಾರಿಕೆ ಇಲಾಖೆಯವರು ಇದನ್ನು ಹೇಳಿಕೊಡುತ್ತಾರೆ.

ಹೀಗೆಲ್ಲ ಮಾಡಿದರೂ ಹರಗಿ ನಿಮ್ಮ ಕೆರೆಯಲ್ಲಿ ಸಂತತಿ ಬೆಳೆಸುತ್ತದೆ ಎಂಬ ಭರವಸೆ ಕೊಡಲಾರೆ. ಬಹುಶಃ ಬೆಳೆಸುವುದಿಲ್ಲ. ನಿಮ್ಮ ಕೆರೆ ಅದಕ್ಕೆ ಬೆಳೆಯುವ ತಾಣ, ಮುಂದೆ ಮರಿಕೇಂದ್ರಕ್ಕೆ ಬಲಿತ ತಾಯಿಮೀನು ಕೊಡಬಲ್ಲ ತಾಣ. ಅದೇನೂ ಸಣ್ಣ ಮಾತಲ್ಲ. ಆದರೆ ಒಂದೇ ಬರ ಬಂದರೂ ಎಲ್ಲ ಹೋಗಬಹುದು ಎಂಬುದು ಲೆಕ್ಕದಲ್ಲಿರಲಿ.

ವ್ಯಾಪಾರಿ, ಬ್ಲೀಚಿಂಗ್, ಗುತ್ತಿಗೆ

ಕಡಿಮೆ ದರದ ‘ನಾಟಿ ಮರಿ’ಯಿಂದ ದೂರವಿರಿ. ಬಕೆಟ್ಟಿನಲ್ಲಿ ತಂದ ಬೆರಳುದ್ದದ ಮರಿ ಯಾವ ಜಾತಿ ಎಂದು ಹೇಳುವುದು ನನ್ನಂಥವರಿಗೂ ಕಷ್ಟ. ಈ ದಂಧೆಯಲ್ಲಿ ಹೆಚ್ಚು ಓಡಾಡುವುದು ‘ನಾಟಿ ಮಾಂಗೂರು’ ಎಂಬ ಹೆಸರಿನ ಆಫ್ರಿಕನ್ ಕ್ಯಾಟ್‌ಫಿಶ್. ಮೀಸೆ ಇದೆ, ಮೈ ಬೂದು, ಆರೇಳು ತಿಂಗಳಲ್ಲಿ ಕಿಲೋ ದಾಟುತ್ತದೆ. ಕೇಂದ್ರ ಸರ್ಕಾರ 2000ದಲ್ಲೇ ಇದನ್ನು ನಿಷೇಧಿಸಿದೆ. ಸತ್ತದ್ದು, ಬದುಕಿದ್ದು, ಮೀನು, ಕಪ್ಪೆ ಎಲ್ಲವನ್ನೂ ನುಂಗುತ್ತದೆ, ಗಾಳಿ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಹೊಂಡಕ್ಕೂ ಹೋಗುತ್ತದೆ. ಅದೊಂದು ಹೊಕ್ಕರೆ ಕೊರಮೀನಿನ ಆಸೆ ಬಿಟ್ಟುಬಿಡಬೇಕು.

ಬ್ಲೀಚಿಂಗ್ ಪುಡಿ ಮರಿ ಸಾಕುವ ಸಣ್ಣ ಹೊಂಡಗಳಲ್ಲಿ ಬಳಸುವ ವಿಧಾನ. ಹೆಕ್ಟೇರಿಗೆ ಒಂದು ಮೀಟರ್ ನೀರಿದ್ದರೆ 350 ಕಿಲೋ ಹಾಕುತ್ತಾರೆ. 24 ಹೆಕ್ಟೇರಿನ ಕೆರೆಗೆ ಎಷ್ಟು ಲಾರಿ ಬೇಕೆಂದು ನೀವೇ ಲೆಕ್ಕ ಹಾಕಿ. ದನ ಕುಡಿಯುವ ನೀರು ಅದು. ಕೊಂದರೂ ಸಾಯುವುದು ಜಿಲೇಬಿ ಮಾತ್ರವಲ್ಲ, ನೀವು ಹುಡುಕುತ್ತಿರುವ ಗಿರಲು, ಚೇಳುಮೀನುಗಳೂ ಸಾಯುತ್ತವೆ. ಇತ್ತ ಪೈಪಿನ ನೀರಿನಲ್ಲಿ ಹೊಸ ಜಿಲೇಬಿ ಮರಿ ಬಂದೇ ಬರುತ್ತದೆ. 1952ರಲ್ಲಿ ಈ ದೇಶಕ್ಕೆ ತಂದ ಮೀನು ಇದು. ಮೊಟ್ಟೆ, ಮರಿಗಳನ್ನು ತಾಯಿ ಬಾಯಲ್ಲೇ ಕಾಪಾಡುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಇನ್ನು ಪೂರ್ತಿ ನಿರ್ಮೂಲವಾಗದು. ಅದನ್ನು ತಗ್ಗಿಸಲು ಒಳ್ಳೆಯ ಉಪಾಯ ತಿನ್ನುವುದೇ. ವರ್ಷವಿಡೀ ಊರವರಿಗೆ ಜಿಲೇಬಿ ಹಿಡಿಯಲು ಬಿಡಿ, ಕೊರಮೀನು ಹೆಚ್ಚಿದಂತೆ ಅದೂ ಮರಿಗಳನ್ನು ತಿಂದು ಹತೋಟಿಯಲ್ಲಿಡುತ್ತದೆ. ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಕೋಡಿಗೆ ಮಾತ್ರ ಜಾಲರಿ ಕಟ್ಟಬೇಡಿ, ಕಸ ಕಟ್ಟಿಕೊಂಡು ನೀರು ಏರಿ ಒಡ್ಡೇ ಒಡೆದೀತು.

ಗುತ್ತಿಗೆದಾರರ ಮಾತನ್ನು ತಳ್ಳಿಹಾಕಬೇಡಿ. ಅವರು ಹಣ ಕಟ್ಟಿದ್ದಾರೆ, ಅವರ ಸಹಕಾರವಿಲ್ಲದೆ ಮಡುವನ್ನು ಕಾಯಲಾಗದು. ಕಾಟ್ಲಾ, ರೋಹು ನಮ್ಮ ಹೊಳೆಯ ಮೂಲ ಮೀನುಗಳಲ್ಲದಿದ್ದರೂ ಕೆರೆಯಲ್ಲಿ ಮರಿ ಮಾಡುವುದಿಲ್ಲ, ಮೇಲಿನ, ನಡುವಿನ ನೀರಿನಲ್ಲಿ ಮೇಯುತ್ತವೆ. ಅವು ಇರಲಿ, ಸ್ವಲ್ಪ ಕಡಿಮೆ ಸಂಖ್ಯೆಯಲ್ಲಿ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಬೇಡವೆಂದು ಒಪ್ಪಿಸಿ. ಎರಡೂ ತಳದಲ್ಲಿ ಮೇಯುತ್ತವೆ, ಕೆಮ್ಮೀನಿನ ಅನ್ನಕ್ಕೆ ಪೈಪೋಟಿ. ಗೆಂಡೆಯಂತೂ ಕೆಸರು ಕೆದಕಿ ನೀರನ್ನೆಲ್ಲ ಬಗ್ಗಡ ಮಾಡುತ್ತದೆ, ಹರಗಿ ತಿನ್ನುವ ಕಳೆ ಬೇರೂರುವುದಿಲ್ಲ. ಮಡುವಿನಲ್ಲಿ ಬಲೆ ಇಲ್ಲ, ಕೊನೆಯ ನೀರಿಗೆ ಮೋಟಾರು ಇಲ್ಲ, ಈ ಎರಡು ಷರತ್ತುಗಳು ಬಾಯಿಮಾತಿನಲ್ಲಿ ಉಳಿಯದೆ ಗುತ್ತಿಗೆ ಪತ್ರದಲ್ಲೇ ಬರಲಿ. ಅದಕ್ಕೆ ಬದಲಾಗಿ ಗುತ್ತಿಗೆ ಮೊತ್ತದಲ್ಲಿ ಸ್ವಲ್ಪ ಬಿಟ್ಟುಕೊಡಲು ಪಂಚಾಯಿತಿ ಒಪ್ಪಿದರೆ ನ್ಯಾಯವೇ. ಸಂಘದ ಹಣದಿಂದಲೇ ಆ ವ್ಯತ್ಯಾಸ ತುಂಬಿದರೂ ಮರಿ ಕೊಳ್ಳುವುದಕ್ಕಿಂತ ಒಳ್ಳೆಯ ಖರ್ಚು ಅದು.

ಮಹಶೀರ್ ಮೇಲಿನ ಪ್ರೀತಿ ಹಾಗೇ ಇದ್ದರೆ ಹೊಳೆಗೆ ಹೋಗಿ ಕೆಲಸ ಮಾಡಿ. ತುಂಗಭದ್ರಾ ಅಣೆಕಟ್ಟೆಯ ಕೆಳಗಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ನೀರುನಾಯಿಗೆ ಮೀನೇ ಊಟ, ಅದನ್ನು ಕಾಯುವುದೆಂದರೆ ಬಂಡೆ ನಡುವಿನ ಮಡುಗಳನ್ನೂ ಅಲ್ಲಿನ ಮೀನನ್ನೂ ಕಾಯುವುದೇ. ಅಲ್ಲಿ ಸಿಡಿಮದ್ದು ಸಿಡಿದರೆ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವ ಹತ್ತು ಹುಡುಗರಿದ್ದರೆ ಲಕ್ಷ ಮರಿಗಿಂತ ಹೆಚ್ಚು ಉಪಯೋಗ. ತುಂಗೆಯ ದಡದ ಶೃಂಗೇರಿ, ಚಿಬ್ಬಲಗುಡ್ಡೆಗಳಲ್ಲಿ ಮೀನು ಉಳಿದದ್ದು ಯಾರೋ ಮರಿ ತಂದು ಬಿಟ್ಟದ್ದರಿಂದಲ್ಲ, ಅಲ್ಲಿ ಹಿಡಿಯಬಾರದು ಎಂಬ ಕಟ್ಟಳೆಯನ್ನು ಊರು ಪಾಲಿಸಿದ್ದರಿಂದ.

ಪಾಪದ ಪ್ರಶ್ನೆಗೆ ನಾನು ಅಧಿಕಾರಿಯಲ್ಲ. ಬೇಸಿಗೆಯಲ್ಲಿ ಸಾಯುತ್ತದೆ ಎಂದು ಗೊತ್ತಿರುವ ಮೀನನ್ನು ಬಿಡದೇ ಇದ್ದರೆ ಆ ಪ್ರಶ್ನೆ ಏಳುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಇನ್ನು ನಡೆಯ ಕ್ರಮ: ಕೆರೆ ಪಂಚಾಯಿತಿಯದೋ ಇಲಾಖೆಯದೋ ಮೊದಲು ಕಾಗದದಲ್ಲಿ ನೋಡಿಕೊಳ್ಳಿ. ಗ್ರಾಮಸಭೆಯಲ್ಲಿ ಮಡುವಿನ ನಿರ್ಣಯ ಮಾಡಿಸಿ, ಅದರ ನಕಲಿನೊಂದಿಗೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ಅರ್ಜಿ ಕೊಡಿ. ಹೊರಗಿನಿಂದ ಯಾವುದೇ ಮೀನು ತಂದು ಬಿಡುವ ಮುನ್ನ ಅವರ ಲಿಖಿತ ಒಪ್ಪಿಗೆ ಇರಲಿ. ಮಡು ಅಗೆಯುವ ಕೆಲಸ ಮುಂಗಾರು ಹಿಡಿಯುವ ಮೊದಲೇ ಮುಗಿಯಬೇಕು. ಬಲೆ ಹಾಕಿಸಿ ತೆಗೆದ ಮೀನಿನ ಫೋಟೋಗಳನ್ನು ಕಳಿಸಿದರೆ ಜಾತಿ ಗುರುತಿಸಿ ತಿಳಿಸುತ್ತೇನೆ. ಮೀನಿನ ಪಕ್ಕದಲ್ಲಿ ಅಳತೆಗೊಂದು ಸ್ಕೇಲ್ ಇಟ್ಟು, ಬಾಯಿ ಮತ್ತು ಬೆನ್ನಿನ ರೆಕ್ಕೆ ಸ್ಪಷ್ಟವಾಗಿ ಕಾಣುವಂತೆ ತೆಗೆಯಿರಿ.